ಋಣ ಒಂದರ ಮೊಸಳೆ

ಬಹಳ ಕಾಲದ ಹಿಂದೆ, ಏಳು ಹಳ್ಳಗಳ ಆಚೆ, ಮೂಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಮಾಂತ್ರಿಕ ಧೂಮಾಕ್ಷ ಕುಂಬಾರರ ಬರಮಣ್ಣನನ್ನು ಕಲ್ಲುಕಂಬ ಮಾಡಿ ತನ್ನ ಗವಿಯಲ್ಲಿ ನಿಲ್ಲಿಸಿಕೊಂಡಿದ್ದ. ಅಣ್ಣನನ್ನು ಬಿಡಿಸಲು ತಂಗಿ ಸಂಕವ್ವ ಮನೆದೇವರಿಗೆ ಕೈಮುಗಿದು ಹೊರಟಳು.

ಗವಿಯ ಬಾಗಿಲಲ್ಲಿ ಮೂರು ಮೃಗಗಳು. ಹುಲಿಯ ಹಣೆಯ ಮೇಲೆ ಎರಡು, ಹೆಬ್ಬಾವಿನ ಹಣೆಯ ಮೇಲೆ ಮೂರು, ಮೊಸಳೆಯ ಹಣೆಯ ಮೇಲೆ ಋಣ ಒಂದು ಎಂದು ಬರೆದಿತ್ತು.

“ಬಾ ಮಗಳೇ, ದಣಿದು ಬಂದಿದ್ದೀಯ. ಮಜ್ಜಿಗೆ ಕುಡಿ,” ಎಂದ ಧೂಮಾಕ್ಷ.

“ಮಜ್ಜಿಗೆ ಇರಲಿ ಸ್ವಾಮಿ. ಅಣ್ಣನನ್ನು ಬಿಡಿಸುವ ಲೆಕ್ಕ ಹೇಳಿ.”

“ಒಂದೇ ಮಂತ್ರ ಕಟ್ಟಬೇಕು. ಯಾವ ಮೃಗದ ಅಂಕಿಯನ್ನು ಅದರಲ್ಲಿ ಹಾಕಿದರೂ ಸೊನ್ನೆ ಬರಬೇಕು. ಬಂದರೆ ಮೃಗ ಮಲಗುತ್ತದೆ, ಬಾರದಿದ್ದರೆ ನುಂಗುತ್ತದೆ. ಮೂರೂ ಮಲಗಿದರೆ ನಾನೇ ಸೊನ್ನೆ!” ಅವನು ನಕ್ಕ. “ನಿನ್ನ ಕಷ್ಟ ನೋಡಲಾರೆ, ನಾನೇ ಹೇಳಿಕೊಡುತ್ತೇನೆ. ಅಂಕಿಯಿಂದ ಎರಡು ಕಳೆ, ಮೂರು ಕಳೆ, ಒಂದು ಕಳೆ. ಬಂದ ಮೂರನ್ನೂ ಗುಣಿಸು.”

ಬೆಳ್ಳಗಿರುವುದೆಲ್ಲ ಹಾಲಲ್ಲ. ನುಂಗಲು ಕಾದವನು ದಾರಿ ತೋರಿಸುವುದುಂಟೇ? ಸಂಕವ್ವ ಅವನ ಮಾತನ್ನು ಹಸಿ ಮಡಕೆಯಂತೆ ಸುತ್ತಲೂ ತಟ್ಟಿ ನೋಡಿದಳು. ಹುಲಿಯ ಎರಡಕ್ಕೆ ಎರಡು ಕಳೆ, ಸರಿ. ಹಾವಿನ ಮೂರಕ್ಕೆ ಮೂರು ಕಳೆ, ಅದೂ ಸರಿ. ಮೊಸಳೆಯ ಹತ್ತಿರ ಅವಳ ಮನಸ್ಸು ಹಿಂಜರಿಯಿತು.

“ಋಣ ಎಂದರೆ ಕಳೆಯುವುದೇ ಅಲ್ಲವೇ ಮಗಳೇ?” ಎಂದ ಅವನು, ಸಕ್ಕರೆಯಂಥ ದನಿಯಲ್ಲಿ.

“ನಮ್ಮಜ್ಜಿ ಹಾಗೆ ಹೇಳಿಲ್ಲ ಸ್ವಾಮಿ. ಋಣ ಇದ್ದರೆ ಕೊಟ್ಟು ತೀರಿಸಬೇಕು. ಋಣ ಒಂದರಲ್ಲಿ ಇನ್ನೊಂದು ಕಳೆದರೆ ಋಣ ಎರಡಾಗುತ್ತದೆ. ಒಂದು ಕೂಡಿದರೇ ಸೊನ್ನೆ.”

ಧೂಮಾಕ್ಷನ ನಗು ನಿಂತಿತು.

ಅವಳು ಎರಡು ಕಳೆದದ್ದು, ಮೂರು ಕಳೆದದ್ದು, ಒಂದು ಕೂಡಿದ್ದು ಮೂರನ್ನೂ ಗುಣಿಸಿ ಒಂದೇ ಸಾಲಿನ ಮಂತ್ರ ಕಟ್ಟಿದಳು: “ಅಂಕಿಯ ಘನದಿಂದ ವರ್ಗದ ನಾಲ್ಕರಷ್ಟು ಕಳೆ, ಅಂಕಿಯನ್ನು ಕೂಡು, ಆರು ಕೂಡು.”

ಹುಲಿಗೆ ಹೇಳಿದಳು. ಎಂಟರಿಂದ ಹದಿನಾರು ಹೋಗಿ, ಎರಡು ಬಂದು, ಆರು ಬಂದು, ಸೊನ್ನೆ. ಹುಲಿ ಮಲಗಿತು.

ಹಾವಿಗೆ ಹೇಳಿದಳು. ಇಪ್ಪತ್ತೇಳರಿಂದ ಮೂವತ್ತಾರು ಹೋಗಿ, ಮೂರು ಬಂದು, ಆರು ಬಂದು, ಸೊನ್ನೆ. ಹಾವು ಮಲಗಿತು.

ಮೊಸಳೆ ಬಾಯಿ ತೆರೆದೇ ಇತ್ತು. ಘನ ಋಣ ಒಂದು. ನಾಲ್ಕು ಕಳೆದರೆ ಋಣ ಐದು. ಅಂಕಿ ಸೇರಿ ಋಣ ಆರು. “ಇಗೋ, ಆರು ಕೊಟ್ಟೆ,” ಎಂದಳು. ಮೊಸಳೆ ಬಾಯಿ ಮುಚ್ಚಿ ಮಲಗಿತು.

ಕಂಬ ಮೈಮುರಿದು ಬರಮಣ್ಣನಾಯಿತು. “ಇಷ್ಟು ಹೊತ್ತೇನೇ? ನಿಂತು ನಿಂತು ಸೊಂಟ ಹಿಡಿದಿದೆ,” ಎಂದ.

ಧೂಮಾಕ್ಷ ಆಡಿದ ಮಾತಿನಂತೆಯೇ ಸುತ್ತಿ ಸುರುಳಿಯಾಗಿ, ದುಂಡನೆಯ ಸೊನ್ನೆಯಾಗಿ ನೆಲಕ್ಕೆ ಬಿದ್ದ. ಸಂಕವ್ವ ಅದನ್ನು ಮೂರು ಸಲ ತಿರುಗಿಸಿ ನೋಡಿ, ತಲೆಯ ಮೇಲೆ ಸಿಂಬಿಯಾಗಿ ಇಟ್ಟುಕೊಂಡಳು. ಅದರ ಮೇಲೆ ಕೊಡ ಹೊತ್ತು ಅವಳು ಬಹುಕಾಲ ನೀರು ತಂದಳು. ಊರೆಲ್ಲ ತಂಪಾಗಿ ಬಾಳಿತು.