ಬಿಸಿಲಿಗಿಟ್ಟ ಶಾಂಪೇನ್

ಬಂದವನು ವರ ಎಂದು ಯಮುನಾ ತಿಳಿದಳು. ತಿಳಿದದ್ದು ತಪ್ಪಲ್ಲ, ಅರ್ಧ ಮಾತ್ರ ಸರಿ.

ನೇಸರಿಯ ಶಿವವ್ವ ತನ್ನ ಅಣ್ಣನ ಮಗ ಬಸಗೊಂಡನನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೆಣ್ಣು ನೋಡಲು ಬರುವುದು ಸೋಮವಾರವೆಂದು ಮಾತಾಗಿತ್ತು. ಹುಡುಗನಿಗೆ ಮುಂಬಯಿಯ ದೊಡ್ಡ ಹೊಟೇಲಿನಲ್ಲಿ ನೌಕರಿ, ಭಾಳ ಗುಣವಂತ, ಬೀಡಿ ಕೂಡ ಸೇದುವುದಿಲ್ಲ ಎಂದು ಆಕೆ ಹೊಗಳಿದ್ದೇ ಹೊಗಳಿದ್ದು. ಫೋಟೋ ಕೂಡ ಕಳಿಸಿದ್ದಳು. ಅದನ್ನು ಯಮುನಾ ಬೇಳೆ ಡಬ್ಬಿಯ ಹಿಂದೆ ಇಟ್ಟುಕೊಂಡು, ಬೇಳೆ ಬೇಕಿಲ್ಲದಾಗಲೂ ಆ ಡಬ್ಬಿ ತೆಗೆಯುತ್ತಿದ್ದಳು.

ಶನಿವಾರ ಮಧ್ಯಾಹ್ನ ಎಸ್.ಟಿ. ಬಸ್ಸು ಇಳಿದು, ಚರ್ಮದ ಚೀಲ ಹಿಡಿದು ವಾಡೆಯ ಬಾಗಿಲಲ್ಲಿ ನಿಂತವನ ಮೂಗು ಅದೇ ಫೋಟೋದ ಮೂಗು. ಅಪ್ಪ ಕಾಡಸಿದ್ದಪ್ಪ ಕಬ್ಬಿನ ಹೊಲಕ್ಕೆ ಹೋಗಿದ್ದ. ಅವ್ವ ಇಲ್ಲದ ಮನೆ. ಕೆಲಸದ ಮುದುಕಿ ಅಕ್ಕವ್ವನನ್ನು ಪಡಸಾಲೆಯಲ್ಲಿ ಕೂರಿಸಿ ಯಮುನಾ ಒಳಗೆ ಓಡಿದಳು. ಸೀರೆ ಬದಲಿಸಿದಳು, ಅವಲಕ್ಕಿಗೆ ಒಗ್ಗರಣೆ ಹಾಕಿದಳು. ತಟ್ಟೆ ಹಿಡಿದು ಬಂದಾಗ ಕೈ ನಡುಗಿ ಚಮಚ ಟಿಣಿಟಿಣಿ ಅನ್ನುತ್ತಿತ್ತು.

ಅವನು ತಟ್ಟೆ ನೋಡಲಿಲ್ಲ, ಚಮಚದ ಸದ್ದು ಕೇಳಿ ಅವಳ ಬೆರಳು ನೋಡಿದ. ಆಮೇಲೆ ಮುಖ. ಆಮೇಲೆ ಬೇಗ ನೆಲ.

“ಅವಲಕ್ಕಿ ಆಮ್ಯಾಲೆ ತಿಂತೇನ್ರಿ. ಮೊದಲ ತಳಘರದಾಗಿನ ಬಾಟಲಿ ತೋರಸ್ತೀರೇನು?”

ಹೆಣ್ಣು ನೋಡಲು ಬಂದವರು ಹಾಡು ಬರುತ್ತದೇನು ಎಂದು ಕೇಳುತ್ತಾರೆ, ಅಡುಗೆ ಬರುತ್ತದೇನು ಎಂದು ಕೇಳುತ್ತಾರೆ. ಬಾಟಲಿ ಕೇಳಿದವನು ಇವನೊಬ್ಬನೇ ಇರಬೇಕು.

“ನೀವು ನೇಸರಿಯವರಲ್ಲೇನ್ರಿ?” ಎಂದಳು.

“ಹೌದ್ರಿ. ಸೋಮವಾರ ಅತ್ತಿ ಜೋಡಿ ಬರಾಂವನೂ ನಾನ. ಇವತ್ತು ಹೊಟೇಲಿನವರು ಕಳಿಸ್ಯಾರ.” ಅವನ ಕಿವಿ ಕೆಂಪಾಯಿತು. “ನಾಳೆ ಕೊಲ್ಹಾಪುರದಿಂದ ಬಾಬಾಸಾಹೇಬರು ಬರತಾರ. ಅವರ ಶಾಂಪೇನ್ ನಮ್ಮ ಹೊಟೇಲು ಕೊಳ್ಳತದ.”

ವಾಡೆ ಬಾಬಾಸಾಹೇಬ ಇನಾಮದಾರರದು. ಕಾಡಸಿದ್ದಪ್ಪ ಅವರ ಕಾರಭಾರಿ. ಇನಾಮದಾರರ ತಂದೆ ಹಿಂದೆ ಫ್ರಾನ್ಸಿನಿಂದ ತರಿಸಿದ ಶಾಂಪೇನ್, ವೈನ್ ಮಾಡುವ ಒಂದೇ ಮನೆತನದ್ದು, ೧೯೨೧, ೧೯೨೮, ೧೯೩೪ ಎಂದು ಮೂರು ಬೇರೆ ಬೇರೆ ವರ್ಷದ್ದು, ತಳಘರದಲ್ಲಿ ಮೂರು ರಾಶಿಯಾಗಿ ಮಲಗಿತ್ತು. ದಾರೂಬಂದಿ, ಅಂದರೆ ಪಾನನಿಷೇಧ, ಬಂದ ಮೇಲೆ ಅದಕ್ಕೆ ಸರಕಾರದ ಪರವಾನಗಿ ಮಾಡಿಸಿ ಬೀಗ ಹಾಕಿದ್ದರು. ಕಾಡಸಿದ್ದಪ್ಪ ಬೀಗ ಕಾಯುತ್ತಿದ್ದನೇ ಹೊರತು, ಒಳಗಿರುವ ಬಾಟಲಿಗಳ ಕಡೆ ಮುಖ ಕೂಡ ಮಾಡುತ್ತಿರಲಿಲ್ಲ. ಕೊರಳಲ್ಲಿ ಲಿಂಗವಿದ್ದವರು ಮುಟ್ಟುವ ವಸ್ತುವೇ ಅಲ್ಲ ಅದು ಎಂಬುದು ಅವನ ಖಂಡಿತದ ಮಾತು.

ಅಕ್ಕವ್ವ ಮೆಟ್ಟಿಲ ಮೇಲೆ ಕುಳಿತಳು. ಇವರಿಬ್ಬರೂ ಕಂದೀಲು ಹಿಡಿದು ಇಳಿದರು. ಬಸಗೊಂಡ ಕಂದೀಲು ಎತ್ತಿದ. ಹಾಗೆಯೇ ನಿಂತುಬಿಟ್ಟ.

ಬಾಟಲಿಗಳು ಹಬ್ಬದ ತಂಬಿಗೆಗಳ ಹಾಗೆ ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಚೀಟಿಯಿಲ್ಲ.

“ಇವನ್ನ ಯಾರು ತೊಳದಾರ್ರಿ?”

“ನಾನ,” ಎಂದಳು ಯಮುನಾ, ಹೊಗಳುತ್ತಾನೆ ಎಂದುಕೊಂಡು. “ನವರಾತ್ರಿ ಘಟಸ್ಥಾಪನಾದ ಮುಂದ ಮನಿಯೆಲ್ಲಾ ತೊಳಿಯೂದಿಲ್ಲೇನ್ರಿ? ಅಪ್ಪ ಪರಊರಿಗೆ ಹೋಗಿದ್ದ, ಕೀಲಿ ಮನ್ಯಾಗ ಇರತದ. ಭಾಳ ಹೊಲಸಾಗಿದ್ವು. ಚೀಟಿನೂ ಕೊಳತು ನಾರತಿದ್ವು. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ, ಎಲ್ಲಿದ್ವೋ ಅಲ್ಲೇ ಇಟ್ಟೇನಿ.”

ಅವನಿಗೆ ನಗು ತಡೆಯಲಿಲ್ಲ. ಗೋಡೆ ಹಿಡಿದು ನಕ್ಕ. ನಗುವಾಗ ಫೋಟೋದವನಿಗಿಂತ ಚೆಲುವನಾಗಿ ಕಂಡ. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದ.

“ವರ್ಷ ಆ ಚೀಟಿ ಮ್ಯಾಲ ಇತ್ರಿ. ಈಗ ಸಾಹೇಬರು ಏನಂತಾರ ಗೊತ್ತೇನು? ಕಾರಭಾರಿ ಖರೇ ಮಾಲು ಮಾರಿಕೊಂಡು, ಒಳಗ ಏನೋ ತುಂಬಿ ಇಟ್ಟಾನ ಅಂತಾರ. ಕಳ್ಳದಾರೂ ಹರದಾಡೂ ಕಾಲ ಇದು.”

ಅಪ್ಪನಿಗಿದ್ದ ಆಸ್ತಿ ಎಂದರೆ ಅವನ ಮೇಲಿನ ನಂಬಿಕೆಯೊಂದೇ. ಅದನ್ನು ತಾನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆದೆನಲ್ಲ ಎಂದು ಯಮುನಾಳ ಕಣ್ಣು ತುಂಬಿದವು.

“ಅಳಬ್ಯಾಡ್ರಿ. ದಾರಿ ಐತಿ,” ಎಂದ ಬಸಗೊಂಡ. “ಬುಚ್ಚಿನ ಬುಡಕ್ಕ ವರ್ಷ ಸುಟ್ಟು ಬರದಿರತಾರ. ಅದು ಬುಚ್ಚು ತಗದ ಮ್ಯಾಲ ಕಾಣತದ. ಸಾಹೇಬರು ಬುಚ್ಚು ಮುಚ್ಚಿ ಇಟಗೊಳ್ಳಲಿ. ರುಚಿ ನೋಡಿ ವರ್ಷ ಹೇಳಿದ್ರ, ಎರಡೂ ಕೂಡಿದ್ರ, ಒಳಗಿಂದು ಖರೇ ಅಂತ ಆತು.”

“ರುಚಿ ಯಾರು ನೋಡತಾರ?”

ಅವನು ಕಂದೀಲಿನ ಬತ್ತಿ ಸುಮ್ಮನೆ ಸಣ್ಣದು ಮಾಡಿದ, ದೊಡ್ಡದು ಮಾಡಿದ.

“ನಾ. ಅದ ನನ್ನ ನೌಕರಿ. ಅತ್ತಿಗೂ ಗೊತ್ತಿಲ್ಲ.”

“ನೀವು ಕುಡೀತೀರೇನು?”

“ಇಲ್ರಿ. ಬಾಯಾಗ ಹಾಕ್ಕೊಂಡು ನೋಡಿ ಉಗುಳತೇನಿ. ಒಂದು ಹನಿ ನುಂಗೂದಿಲ್ಲ.”

“ನಮ್ಮಪ್ಪ ಉಗುಳಿದ್ದು ನೋಡಾಂವಲ್ಲ. ಬಾಯಾಗ ಹಾಕಿದ್ದು ನೋಡತಾನ.” ಇವನು ರುಚಿ ನೋಡದಿದ್ದರೆ ಅಪ್ಪ ಕಳ್ಳ. ನೋಡಿದರೆ ಇವನಿಗೆ ಈ ಮನೆಯ ಹೆಣ್ಣಿಲ್ಲ. “ನಾಳೆ ಅಪ್ಪನ್ನ ಹೊಲಕ್ಕ ಕಳಿಸಿಬಿಡತೇನಿ. ಅವಂಗ ಗೊತ್ತಾಗೂದು ಬ್ಯಾಡ.”

ಬಸಗೊಂಡ ತಲೆಯೆತ್ತಿ ಅವಳನ್ನು ನೋಡಿದ. ಈ ಸಲ ಬೇಗ ನೆಲ ನೋಡಲಿಲ್ಲ.

“ನನ್ನ ಸಲುವಾಗಿ ಇಷ್ಟು ಯೋಚನಿ ಮಾಡಾಕತ್ತೀರಿ?”

“ಅಪ್ಪನ ಸಲುವಾಗಿ.”

“ಹೌದ್ರಿ, ಅಪ್ಪನ ಸಲುವಾಗಿ,” ಎಂದು ಅವನು ಒಪ್ಪಿಕೊಂಡ ರೀತಿಗೆ ಯಮುನಾ ಸೆರಗು ಬಾಯಿಗೆ ಹಿಡಿದು ಮೆಟ್ಟಿಲೇರಿದಳು.

ಅವನು ಊರ ಮಠದಲ್ಲಿ ಇಳಿದುಕೊಂಡ. ಸಂಜೆ ಅಪ್ಪ ಬಂದಾಗ ಯಮುನಾ ಬಾಟಲಿ ತೊಳೆದದ್ದನ್ನು ಹೇಳಿದಳು. ಕಾಡಸಿದ್ದಪ್ಪ ಬೈಯಲಿಲ್ಲ. ರೊಟ್ಟಿ ಮುರಿದದ್ದು ಮುರಿದಂತೆಯೇ ತಟ್ಟೆಯಲ್ಲಿಟ್ಟು ಎದ್ದು ಹೋದ. ಬೈದಿದ್ದರೇ ಚೆನ್ನಾಗಿತ್ತು. ಬೆಳಿಗ್ಗೆ ಹೊಲಕ್ಕೆ ಹೋಗು ಎಂದು ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ನಡುವೆ ಬಸಗೊಂಡನೇ ಬಂದು, “ನೀವು ಇರಬೇಕ್ರಿ. ನಾ ಏನು ಮಾಡತೇನಿ ಅನ್ನೂದು ನೀವು ಕಣ್ಣಾರೆ ನೋಡಬೇಕು,” ಎಂದುಬಿಟ್ಟ. ಅವನ ಮೇಲೆ ಯಮುನಾಳಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮಾವ ಆಗುವವನ ಎದುರೇ ಬಾಯಿಗೆ ದಾರೂ ಹಾಕಿಕೊಳ್ಳುವ ಗಂಡು ಎಲ್ಲಾದರೂ ಉಂಟೇ?

ಬಾಬಾಸಾಹೇಬರು ಮೋಟಾರಿನಿಂದ ಇಳಿದು ಬೋಳು ಬಾಟಲಿಗಳನ್ನು ನೋಡಿದರು. ಇದೇನು ಎಂದು ಮರಾಠಿಯಲ್ಲಿ ಒಂದೇ ಮಾತು ಕೇಳಿದರು: “ಹೇ ಕಾಯ್, ಕಾಡಸಿದ್ದಪ್ಪಾ?” ಆಮೇಲೆ ಪಡಸಾಲೆಯ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಮೇಜಿನ ಮೇಲೆ ತೆಳು ಗಾಜಿನ ಲೋಟಗಳು, ಪಕ್ಕದಲ್ಲಿ ಹಿತ್ತಾಳೆಯ ಪೀಕದಾನಿ. ಒಂದೊಂದು ರಾಶಿಯಿಂದ ಒಂದೊಂದು ಬಾಟಲಿ ಬಂತು. ಬಸಗೊಂಡ ಮುಖ ತಿರುಗಿಸಿ ಬುಚ್ಚು ತೆಗೆದುಕೊಟ್ಟ. ಬಾಬಾಸಾಹೇಬರು ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟರು.

ಯಮುನಾ ಅಡುಗೆಮನೆಯ ಬಾಗಿಲ ಮರೆಯಲ್ಲಿ. ಕಾಡಸಿದ್ದಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಬಸಗೊಂಡ ಮೊದಲ ಲೋಟ ತುಟಿಗೆ ಮುಟ್ಟಿಸಿದಾಗ ಅಪ್ಪ ಕಣ್ಣು ಮುಚ್ಚಿದ್ದನ್ನು ಅವಳು ಕಂಡಳು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು.

ಬಸಗೊಂಡ ಪೀಕದಾನಿಗೆ ಉಗುಳಿದ. “ಹುರದ ಬಾದಾಮಿ ರುಚಿ ಐತ್ರಿ. ಲಿಂಬಿಹುಳಿ ಇನ್ನೂ ಬಿಗಿ ಐತಿ. ಇದು ಇಪ್ಪತ್ತೆಂಟರದು.”

ಬಾಬಾಸಾಹೇಬರು ಬುಚ್ಚು ತಿರುಗಿಸಿ ನೋಡಿ ತಲೆಯಾಡಿಸಿದರು.

ಎರಡನೆಯದರ ಬಣ್ಣ ಜೇನಿನಂತೆ ಗಾಢ, ಗುಳ್ಳೆ ಎಲ್ಲೋ ಒಂದೊಂದು. “ಇದು ಎಲ್ಲಾಕ್ಕಿಂತ ಹಳೇದು. ಒಣ ಅಂಜೂರ, ಜೇನು, ಅಣಬಿ. ಜೋರು ಹೋಗೇತಿ, ರುಚಿ ಮಾತ್ರ ಬಾಯಿ ಬಿಟ್ಟು ಹೋಗೂದಿಲ್ಲ. ಇಪ್ಪತ್ತೊಂದು.” ಅದೂ ಸರಿಯಾಯಿತು.

ಮೂರನೆಯ ಲೋಟ ಮೂಗಿಗೆ ಹಿಡಿದವನ ಮುಖ ಬಿಳುಚಿತು. ಬಾಯಿಗೆ ಹಾಕಿದ, ಉಗುಳಿದ, ಮತ್ತೆ ಹಾಕಿದ.

“ಉಳಿದದ್ದು ಮೂವತ್ನಾಲ್ಕು ಅಂತ ಹೇಳಬ್ಯಾಡ್ರಿ, ಅದು ನನಗೂ ಬರತದ,” ಎಂದರು ಬಾಬಾಸಾಹೇಬರು. “ಇದು ಆ ಮನೆತನದ್ದು ಹೌದೋ ಅಲ್ಲೋ, ಅಷ್ಟು ಹೇಳ್ರಿ.”

“ತೊಯ್ದ ಕಂಬಳಿ ನಾರಿದಂಗ ನಾರತದ್ರಿ. ಎಲಿಕೋಸು ಕುದಿಸಿದಂಗ. ವಯಸ್ಸಾದ್ರ ಹೀಂಗ ಆಗೂದಿಲ್ಲ. ಯಾಕಂತ ನಂಗ ತಿಳೀವಲ್ದು.”

ಬಾಬಾಸಾಹೇಬರು ಕಾಡಸಿದ್ದಪ್ಪನ ಕಡೆ ತಿರುಗಿದರು. ಆ ಎತ್ತರದ ಮನುಷ್ಯ ನೋಡನೋಡುತ್ತಿದ್ದಂತೆ ಕುಗ್ಗಿಹೋದ.

ಯಮುನಾ ಎಂದೂ ಗಂಡಸರ ಬೈಠಕ್ಕಿಗೆ ಕಾಲಿಟ್ಟವಳಲ್ಲ. ಈಗ ಹೇಗೆ ಬಂದು ಮೇಜಿನ ಮುಂದೆ ನಿಂತಳೋ ಅವಳಿಗೇ ಗೊತ್ತಾಗಲಿಲ್ಲ.

“ಸಾಹೇಬ್ರ, ತೊಳದಾಕಿ ನಾ. ಅಪ್ಪಂದೇನೂ ಇಲ್ಲ. ಮೊದಲಿನ ಎರಡು ರಾಶಿ ತೊಳದಾಗ ಮಳಿ ಮೋಡ ಇತ್ತು, ಒಳಗ ಆರಿಸಿದೆ. ಈ ರಾಶಿ ತೊಳದಾಗ ಬಿಸಿಲು ಬಿತ್ತು. ಹಾಸಿಗಿ, ಕೌದಿ ಜೋಡಿ ಇವನ್ನೂ ಅಂಗಳಕ್ಕಿಟ್ಟೆ. ಹಬ್ಬ ಬರೂತನಕ ಅಲ್ಲೇ ಇದ್ವು.”

“ಬಿಸಿಲಿಗೆ?” ಬಸಗೊಂಡ ಲೋಟ ಕೆಳಗಿಟ್ಟ. “ಬಾಟಲಿ ಬಿಸಿಲಿಗೆ ಇಟ್ರೇನು?”

“ಎಲ್ಲಾ ಅಲ್ರಿ. ಅಂಗಳದಾಗ ಜಾಗ ಸಾಲಲಿಲ್ಲ. ಬುಡದ ಸಾಲಿನವು ಪಡಸಾಲಿ ನೆರಳಾಗ ಇದ್ವು.”

ಅವನು ಬಾಬಾಸಾಹೇಬರತ್ತ ತಿರುಗಿದ. “ಬೆಳಕು ತಾಗಿದ್ರ ಶಾಂಪೇನ್ ಹೀಂಗ ನಾರತದ್ರಿ. ಬುಡದ ಸಾಲಿಂದು ಒಂದು ತಗಸ್ರಿ. ಅದೂ ನಾರಿದ್ರ ನನ್ನ ಮಾತು ಸುಳ್ಳು.”

ಯಮುನಾ ತಾನೇ ಇಳಿದು ಬುಡದ ಸಾಲಿನಿಂದ ಬಾಟಲಿ ತಂದಳು. ಅದು ಬೆವರಿನ ಕೈಯಿಂದ ಜಾರೀತೆಂದು ಎದೆಗೆ ಅವುಚಿಕೊಂಡಿದ್ದಳು. ಬುಚ್ಚು ಬಂತು, ಗಾಜಿನಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಬಸಗೊಂಡ ಮೂಸಿದ. ಬಹಳ ಹೊತ್ತು ಮೂಸಿದ.

“ಮೂವತ್ನಾಲ್ಕು,” ಎಂದ. “ಸೇಬು, ಹುರದ ಗ್ವಾಡಂಬಿ. ಸ್ವಚ್ಛ ಐತಿ. ಎರಡೂ ಒಂದ ವೈನ್ ರಿ, ಒಂದಕ್ಕ ಬಿಸಿಲು ಹೊಡದೈತಿ, ಅಷ್ಟ.”

ಬಾಬಾಸಾಹೇಬರು ಆ ಎರಡು ಬುಚ್ಚು ನೋಡಿದರು, ಎರಡರ ಬುಡಕ್ಕೂ ಮೂವತ್ನಾಲ್ಕೇ ಇತ್ತು. ತಾವೂ ಎರಡು ಲೋಟ ರುಚಿ ನೋಡಿದರು, ಅವರು ಉಗುಳಲಿಲ್ಲ. ಮನೆ ತೊಳೆದೆಯೋ ನನ್ನ ದಿವಾಳಿ ತೆಗೆದೆಯೋ ಎಂದು ಯಮುನಾಳನ್ನು ಮರಾಠಿಯಲ್ಲಿ ಚೆನ್ನಾಗಿ ಬೈದರು. ಹೋಗುವಾಗ ಮಾತ್ರ ಕಾಡಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟು, ಕೆಟ್ಟದ್ದನ್ನು ಯೋಚಿಸಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು.

ಮೋಟಾರಿನ ಧೂಳು ಇಳಿಯಿತು. ಪಡಸಾಲೆಯಲ್ಲಿ ಮೂವರೇ ಉಳಿದರು. ಯಮುನಾಳ ನಿಜವಾದ ಭಯ ಶುರುವಾದದ್ದೇ ಆಗ.

ಕಾಡಸಿದ್ದಪ್ಪ ತಂಬಿಗೆಯಲ್ಲಿ ನೀರು ತಂದು ಬಸಗೊಂಡನ ಕೈಮೇಲೆ ಸುರಿದ. “ಬಾಯಿ ಮುಕ್ಕಳಸ್ರಿ.”

ಅವನು ಮುಕ್ಕಳಿಸಿದ.

“ನಾ ಇಲ್ಲದಾಗ ಮಾಡಬಹುದಿತ್ತಲ್ರಿ. ನನ್ನ ಯಾಕ ನಿಲ್ಲಿಸಿಕೊಂಡ್ರಿ?”

“ನಾಳೆ ಅತ್ತಿ ಬಂದು ಮಗಳ್ನ ಕೇಳತಾಳ. ಯಾರಿಗೆ ಕೊಡಾಕತ್ತೇನಿ ಅನ್ನೂದು ನಿಮಗ ಗೊತ್ತಿರಬೇಕಲ್ರಿ.”

“ಈ ನೌಕರಿ ಬಿಡತೀರೇನು?”

ಬಿಡತೇನಿ ಅನ್ನು, ಎಂದು ಯಮುನಾ ಮನಸ್ಸಿನಲ್ಲೇ ಅಂಗಲಾಚಿದಳು. ಒಂದು ಮಾತು ಅಂದುಬಿಡು, ಆಮೇಲೆ ನೋಡಿಕೊಂಡರಾಯಿತು.

ಬಸಗೊಂಡ ಅವಳನ್ನು ಒಮ್ಮೆ ನೋಡಿದ. ಆ ನೋಟದಲ್ಲಿ ಆಸೆ ಎಷ್ಟಿತ್ತೋ ಅಂಜಿಕೆಯೂ ಅಷ್ಟೇ ಇತ್ತು. “ಬಿಡೂದಿಲ್ರಿ. ನಂಗ ಬರೂದು ಅದೊಂದ. ಬಿಡತೇನಿ ಅಂತ ಸುಳ್ಳು ಹೇಳಿ ಇವರನ್ನ ಕರಕೊಂಡು ಹೋಗಾಕ ನಂಗ ಆಗೂದಿಲ್ಲ.”

ಕಾಡಸಿದ್ದಪ್ಪ ಖಾಲಿ ತಂಬಿಗೆ ಹಿಡಿದು ನಿಂತೇ ಇದ್ದ. ಮಂದಿ ಏನಂದಾರು ಎಂಬುದು ಅವನ ಮುಖದ ಮೇಲೆ ಕಾಣುತ್ತಿತ್ತು. ಮಠದವರು, ಬೀಗರು, ಶಿವವ್ವನ ಬಾಯಿ. ಅಷ್ಟನ್ನೂ ಅವನು ನುಂಗಿಕೊಂಡ.

“ನಂಗ ಇದು ಸೇರೂದಿಲ್ಲ, ಯಮುನಾ. ಮುಂದನೂ ಸೇರೂದಿಲ್ಲ. ಆದ್ರ ಬಾಳಾಕಿ ನೀ. ನೀ ಏನಂತಿ?”

ಆ ಕಾಲಕ್ಕೆ ಹೆಣ್ಣುಮಕ್ಕಳನ್ನು ಯಾರೂ ಹೀಗೆ ಕೇಳುತ್ತಿರಲಿಲ್ಲ. ಬಸಗೊಂಡ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದ. ಇಷ್ಟು ಹೊತ್ತೂ ಅಲ್ಲಾಡದ ಆ ಕೈ ಈಗ ನಡುಗುತ್ತಿತ್ತು. ಅದನ್ನು ನೋಡಿ ಅವಳಿಗೆ ಎದೆ ತುಂಬಿ ಬಂತು.

“ಅಪ್ಪಾ,” ಎಂದಳು, ತಲೆ ತಗ್ಗಿಸದೆ, “ನಂಗ ಇವರು ಬೇಕು.”