ಮೂಗಿನ ಹೊಲಿಗೆ

"ಮೂಗಿಗೊಂದು ಹೊಲಿಗೆ ಹಾಕ್ಬಿಡ್ತೀನಿ, ದೊರೆ. ಹಾಕದೆ ಕಳಿಸಿದ್ರೆ ಸತ್ತವನು ಹಡಗು ಬಿಟ್ಟು ಹೋಗಲ್ಲ."

ಹಾಯಿ ಹೊಲಿಯುವ ಮುದುಕ ಅಬ್ನೇರನ ಸೂಜಿ ಶವದ ಮುಖದ ಮೇಲೆ ತಡೆದು ನಿಂತಿತ್ತು. ಹಾಯಿ ಬಿಚ್ಚಲು ತಡಮಾಡಿದನೆಂದು ಚಾಟಿಯೇಟಿಗೆ ಗುರಿಯಾಗಿ ಬಿದ್ದ ನಾವಿಕ ಪಾಸ್ಕೋನನ್ನು ಅವನದೇ ತೂಗುಹಾಸಿಗೆಯಲ್ಲಿ ಸುತ್ತಿ, ಕಾಲ ಬಳಿ ಫಿರಂಗಿಯ ಗುಂಡುಗಳನ್ನಿಟ್ಟು, ಗದ್ದದವರೆಗೆ ಹೊಲಿದಾಗಿತ್ತು.

ಕಪ್ತಾನ ಹೆನೇಜ್ ನಕ್ಕನು. ಅರಮನೆಯ ಕೃಪೆಯಿಂದ ಹಡಗೇರಿ ತಿಂಗಳೂ ತುಂಬದವನು ಅವನು. ಡಚ್ಚರೊಡನೆ ಕದನ ಮೊದಲಾಗುವ ಮುನ್ನ ನೌಕಾಪಡೆಯನ್ನು ಕೂಡಿಕೊಂಡರೆ ಎಂಬತ್ತು ಫಿರಂಗಿಗಳ ಹಿರಿಹಡಗು ಅವನಿಗೆ ಮೀಸಲು.

"ಹೆಣಕ್ಕೂ ಮೂಗುದಾರವೇನೋ? ನೊಗಕ್ಕೆ ಕಟ್ಟಿ ಉಳ್ತೀಯಾ? ನನ್ನ ಹಡಗಲ್ಲಿ ಇನ್ಮೇಲೆ ಈ ಮಾಟದ ಹೊಲಿಗೆ ಯಾರಿಗೂ ಹಾಕಕೂಡದು. ಎಸೀರಿ!"

ಹಲಗೆ ಓರೆಯಾಯಿತು. ಜಾರುತ್ತಿದ್ದ ಮೂಟೆಯೊಳಗೆ ಮೊಣಕಾಲೊಂದು ಮಡಚಿತು.

"ನಿನ್ನನ್ನೂ ಹೀಗೇ ಹೊಲೀಲಿ!"

ಪಾಸ್ಕೋನ ಕೂಗನ್ನು ಕಡಲು ನುಂಗಿತು.

"ಜೀವ ಇತ್ತು, ದೊರೆ..." ಅಬ್ನೇರ ಹಡಗಿನಂಚಿಗೆ ಬಾಗಿ ನೀರನ್ನು ನೋಡಿದನು.

"ಈಗಿಲ್ವಲ್ಲ. ಹಾಯಿ ಬಿಚ್ಚಿ."

ಮರುದಿನ ಕಪ್ತಾನನ ಕೋಣೆಯಲ್ಲಿ ತೊಯ್ದ ಹಾಯಿಬಟ್ಟೆಯ, ಕೀಲೆಣ್ಣೆಯ ಕಮಟು ಕವಿಯಿತು. ಕತ್ತಲ ಮೂಲೆಯಿಂದ ಸರ್ರ್... ಸರ್ರ್... ಮೇಣ ಸವರಿದ ದಾರ ಬಟ್ಟೆಯನ್ನು ಹಾಯುವ ಸದ್ದು. ಹೊಲಿಯುವ ಕೈ ಮಾತ್ರ ಕಾಣದು. ಹೆನೇಜನ ಪಾದಗಳು ಒಂದಕ್ಕೊಂದು ಬೆಸೆದುಕೊಂಡವು. ಸಂಜೆಗೆ ಮೊಣಕಾಲು. ಆಮೇಲೆ ಸೊಂಟ. ಎದೆ. ಕೊರಳು. ಕೂಗಬೇಕೆಂದನು, ತುಟಿ ಬಿಚ್ಚಲಿಲ್ಲ. ಮೂಗಿನ ಬಳಿ ಹಿಡಿದ ಕನ್ನಡಿಯನ್ನೂ ಮಸುಕಾಗಿಸದಷ್ಟು ಉಸಿರು ಸಣ್ಣದಾಯಿತು. ವೈದ್ಯನು ತಲೆಯಾಡಿಸಿ, ಟೋಪಿ ತೆಗೆದನು.

ಹೆನೇಜನಿಗೆ ಎಲ್ಲವೂ ಕೇಳುತ್ತಿತ್ತು. ಗುಂಡುಗಳನ್ನು ಕಾಲ ಬಳಿ ಇಟ್ಟ ಸದ್ದು. ಸೂಜಿಯ ಸದ್ದು. ದೇವರನ್ನು ಎಂದೂ ನೆನೆಯದವನು ಈಗ ಒಂದನ್ನೇ ಬೇಡಿದನು. ಮೂಗಿಗೆ ಹೊಲಿಗೆ ಬೀಳಲಿ. ಚುಚ್ಚಿದರೆ ನೆತ್ತರು ಚಿಮ್ಮೀತು. ನೆತ್ತರು ಕಂಡರೆ ಬಿಚ್ಚಿಯಾರು. ಚುಚ್ಚು, ಮುದುಕಾ. ಚುಚ್ಚು.

ಸೂಜಿಯ ಮೊನೆ ಮೂಗನ್ನು ಸೋಕಿತು. ತಣ್ಣಗೆ.

"ಬೇಡ್ವೋ ಅಬ್ನೇರಾ!" ಉಪಕಪ್ತಾನ ಕಿಡ್ಡರನ ದನಿ. "ಯಾರಿಗೂ ಹಾಕಕೂಡದು ಅಂತ ಅವರದೇ ಅಪ್ಪಣೆ. ಸತ್ತ ಮೇಲಾದ್ರೂ ಕಪ್ತಾನರ ಮಾತು ನಡೀಲಿ."

"ಅಪ್ಪಣೆ, ಸ್ವಾಮಿ."

ಮುದುಕ ಬಾಗಿದನು. ಒರಟು ಹೆಬ್ಬೆರಳು ಕಪ್ತಾನನ ಕೆನ್ನೆಯ ಮೇಲೆ ಒಂದು ಗಳಿಗೆ ನಿಂತಿತು.

"ಇನ್ನೂ ಬೆಚ್ಚಗಿದ್ದೀರಿ, ದೊರೆ," ಕಿವಿಯಲ್ಲಿ ಉಸುರಿದನು. ಬಟ್ಟೆಯನ್ನು ಮುಖದ ಮೇಲೆಳೆದನು.

ಹಲಗೆ ಓರೆಯಾಯಿತು. ಆಗ, ಆಗ ಮಾತ್ರ, ಹೆನೇಜನ ಮೊಣಕಾಲು ಮಡಚಿತು.