ಎರಡನೇ ಮೆಟ್ಟಿಲ ಮಂಜುಗಡ್ಡೆ

ಬೆಳಗ್ಗೆ ಎಂಟೂ ಮುಕ್ಕಾಲಿಗೆ ಗೋಲ್‌ಕೀಪರ್ ರೆಲ್ಯಾ ಹಾಸ್ಟೆಲ್ಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಬಿದ್ದು ನರಳುತ್ತಿದ್ದ. ಬಲಗೈ ಮಣಿಕಟ್ಟು ಮುರಿದಿತ್ತು. ಮೇಲ್ದುಟಿ ಒಡೆದು ರಕ್ತ ಸುರಿಯುತ್ತಿತ್ತು. ಅಡುಗೆಮನೆಯಿಂದ ಅಂಗಳಕ್ಕೆ ಇಳಿಯುವ ಮೂರು ಕಲ್ಲು ಮೆಟ್ಟಿಲುಗಳಲ್ಲಿ ಎರಡನೆಯದರ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿತ್ತು.

ನಾಲ್ಕು ದಿನದಿಂದ ಹಿಮ ಬಿದ್ದಿರಲಿಲ್ಲ. ಸೂರಿನಿಂದ ಹನಿ ತೊಟ್ಟಿಕ್ಕುತ್ತಿರಲಿಲ್ಲ. ಹತ್ತಿರದಲ್ಲಿ ನಲ್ಲಿಯೂ ಇರಲಿಲ್ಲ. ಹಾಗಾದರೆ ಯಾರೋ ನೀರು ಸುರಿದಿದ್ದಾರೆ — ಮೈನಸ್ ಹನ್ನೊಂದು ಡಿಗ್ರಿ ಚಳಿಯಲ್ಲಿ, ಅದೂ ಪಂದ್ಯದ ದಿನ. ಯಾರು? ಯಾಕೆ?

ಮಧ್ಯಾಹ್ನ ಎರಡಕ್ಕೆ ಪಂದ್ಯ. ಯುರೋಪಿನ ಕಿರಿಯರ ಫುಟ್‌ಬಾಲ್ ಕ್ಲಬ್ ಟೂರ್ನಿಯ ನಾಕೌಟ್. ಎದುರಾಳಿಗಳು ಪೋರ್ಚುಗಲ್ಲಿನವರು. ಒಂದೇ ಆಟ, ಸೋತವರು ಮನೆಗೆ. ಸಮವಾದರೆ ಹೆಚ್ಚಿನ ಸಮಯವಿಲ್ಲ, ನೇರ ಪೆನಾಲ್ಟಿ. ಮೊರಾವಾ ನದಿ ದಂಡೆಯ ಈ ಪುಟ್ಟ ಊರಿನ ಕ್ಲಬ್ಬು ಇಷ್ಟು ದೂರ ಬಂದದ್ದು ಇದೇ ಮೊದಲು. ಬಂದದ್ದು ರೆಲ್ಯಾನ ಎರಡು ಕೈಗಳಿಂದ. ಅದರಲ್ಲಿ ಒಂದು ಈಗ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಪಟ್ಟಿಗೆ ಕಾಯುತ್ತಿತ್ತು.

ಫೋನ್ ಬಂದಾಗ ಸ್ರೇತೆನ್ ಮೈದಾನದ ಗೇಟಿನ ಬೀಗ ನೋಡುತ್ತಿದ್ದ. ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತನಾದವನು. ಇನ್ನು ಸುಳ್ಳು ಕೇಳುವ ಕರ್ಮ ಮುಗಿಯಿತು ಎಂದುಕೊಂಡು ಕ್ಲಬ್ಬಿನ ಭದ್ರತೆಯ ಕೆಲಸಕ್ಕೆ ಸೇರಿದ್ದ. ಮುಗಿದಿರಲಿಲ್ಲ. ಎರಡೂ ಮೊಣಕಾಲು ನೋಯುತ್ತಿದ್ದವು. ಅವನಿಗೆ ಬೇಕಿದ್ದುದು ಒಂದು ಕುರ್ಚಿ, ಒಂದು ಲೋಟ ಕಾಫಿ. ಸಿಕ್ಕಿದ್ದು ಗೊಯ್ಕೊ.

ಗೊಯ್ಕೊ ಕ್ಲಬ್ಬಿನ ನಿರ್ದೇಶಕ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವನು ಆಗಲೇ ಅಪರಾಧಿಯನ್ನು ಹಿಡಿದಾಗಿತ್ತು. ಎರಡನೇ ಗೋಲ್‌ಕೀಪರ್ ವುಕಾನ್, ಹದಿನೇಳರ ಹುಡುಗ. ಇಡೀ ವರ್ಷ ಆಡಲು ಸಿಗದೆ ಬೆಂಚಿನಲ್ಲಿ ಕೂತವನು. ಮೊನ್ನೆ ಊಟದ ಮೇಜಿನಲ್ಲಿ ರೆಲ್ಯಾನ ಜೊತೆ ಜಗಳವಾಡಿದ್ದ. ನಿನ್ನೆ ಸಂಜೆ ಬಕೆಟ್ ತುಂಬ ನೀರು ಹೊತ್ತು ಓಡಾಡಿದ್ದನ್ನು ಮೂವರು ನೋಡಿದ್ದರು. ರೆಲ್ಯಾ ಬಿದ್ದರೆ ಲಾಭ ಯಾರಿಗೆ? ಇವನಿಗೇ.

"ಕ್ಲಬ್ಬಿಂದ ತೆಗೆದುಹಾಕೋ ಪತ್ರ ಟೈಪ್ ಮಾಡಿಸಿದೀನಿ. ಹನ್ನೊಂದೂವರೆ ಬಸ್ಸಿಗೆ ಅವನನ್ನ ಊರಿಗೆ ಹತ್ತಿಸ್ತೀನಿ. ಅಷ್ಟರಲ್ಲಿ ಬಾಯಿ ಬಿಡಿಸು. ಅದು ನಿನ್ನ ಕಸುಬು ತಾನೆ?"

"ಗೋಲಲ್ಲಿ ಯಾರು ನಿಲ್ತಾರೆ? ನೀನಾ?"

"ಹದಿನೈದರ ಹುಡುಗ ಒಬ್ಬ ಇದಾನೆ, ನಿಲ್ಲಿಸ್ತೀನಿ. ಗೆಳೆಯನ ಕೈ ಮುರಿದವನಿಗೆ ನಮ್ಮ ಜೆರ್ಸಿ ಹಾಕಲ್ಲ."

ಆ ಪತ್ರ ಹೊರಬಿದ್ದರೆ ವುಕಾನ್‌ನ ಕಥೆ ಮುಗಿದ ಹಾಗೆ. ಈ ದೇಶದ ಯಾವ ಕ್ಲಬ್ಬೂ ಅವನನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಸ್ರೇತೆನ್ ಗಡಿಯಾರ ನೋಡಿದ. ಒಂಬತ್ತೂ ಐವತ್ತು.

ಅವನು ಹುಡುಗನ ಹತ್ತಿರ ಹೋಗಲಿಲ್ಲ. ಮೊದಲು ಮೆಟ್ಟಿಲ ಹತ್ತಿರ ಹೋದ. ಅಲ್ಲಿ ಕಾವಲುಗಾರ ತಿಹೊಮಿರ್ ಹಾರೆ ಎತ್ತಿ ಮಂಜುಗಡ್ಡೆಯನ್ನು ಒಡೆಯಲು ನಿಂತಿದ್ದ.

"ಹಾರೆ ಕೆಳಗಿಡು. ಇಲ್ಲಾಂದ್ರೆ ಅದೇ ಹಾರೆ ನಿನ್ನ ತಲೆ ಮೇಲೆ ಬೀಳತ್ತೆ."

ತಿಹೊಮಿರ್ ಇಟ್ಟ. ಸ್ರೇತೆನ್ ಬಯ್ಯುತ್ತಲೇ ಮೊಣಕಾಲೂರಿದ. ಮಂಜುಗಡ್ಡೆ ತಿಳಿಯಾಗಿತ್ತು. ಬಾಗಿಲ ಹತ್ತಿರ, ಮೊದಲ ಮೆಟ್ಟಿಲಲ್ಲಿ, ಬರೀ ನಾಲ್ಕು ಹನಿ ಸಿಡಿದಿದ್ದವು. ಎರಡನೆಯದರಲ್ಲಿ ದಪ್ಪಗೆ ಒಂದು ಪಟ್ಟೆ. ಅದು ನಾಲಗೆಯಂತೆ ಉದ್ದವಾಗಿ ಚಾಚಿ, ಮೂರನೆಯದರ ಮೇಲೆ ಸಣ್ಣಗಾಗಿ ಅಂಗಳದ ಕಡೆ ಮುಗಿದಿತ್ತು. ಅಡಿಯಲ್ಲಿ ಬೂದುಬಣ್ಣದ ಪುಡಿ ಕಾಣುತ್ತಿತ್ತು. ಮೇಲೆ, ಬಾಗಿಲ ಹೊಸ್ತಿಲ ಅಂಚಿನಲ್ಲಿ, ರಕ್ತದ ಕಲೆ.

"ಬೂದಿ ಯಾವಾಗ ಹಾಕಿದೆ?"

"ಆರು ಗಂಟೆಗೆ. ಜಾರದಿರಲಿ ಅಂತ ದಿನಾ ಹಾಕ್ತೀನಿ. ಉಪ್ಪು ಹಾಕಿದ್ರೆ ನೀರು ಗಟ್ಟಿಯಾಗಲ್ಲ, ಕೊಡಿ ಅಂತ ಜನವರಿಯಿಂದ ಗೊಯ್ಕೊ ಸಾಹೇಬರನ್ನ ಎರಡು ಸಲ ಕೇಳಿದೆ. ಬೂದಿ ಸಾಕು ಅಂದ್ರು. ಬೂದಿಯಿಂದ ಏನಾಗತ್ತೆ ಸ್ವಾಮಿ? ಪ್ಯಾಂಟು ಕೊಳೆಯಾಗತ್ತೆ, ಅಷ್ಟೆ."

"ಆರಕ್ಕೆ ಮೆಟ್ಟಿಲು ಒಣಗಿತ್ತಾ?"

"ಒಣಗಿತ್ತು. ಆಮೇಲೆ ಬ್ರೆಡ್ಡಿನವನೂ ಹತ್ತಿ ಇಳಿದ. ಬೀಳಲಿಲ್ಲ."

ತಿಹೊಮಿರ್‌ನ ಬಾಯಿಂದ ಪ್ಲಮ್ ಸಾರಾಯಿಯ ವಾಸನೆ ಬರುತ್ತಿತ್ತು. ಆದರೆ ಆ ವಾಸನೆ ವರ್ಷಪೂರ್ತಿ ಇರುವಂಥದ್ದು. ಅವನ ಮಾತನ್ನು ಬ್ರೆಡ್ಡಿನವನಿಗೆ ಫೋನ್ ಮಾಡಿ ಕೇಳಿದರೂ ಅದೇ ಉತ್ತರ ಬಂತು.

ವುಕಾನ್ ಮೊದಲ ಮಹಡಿಯ ಕೋಣೆಯಲ್ಲಿದ್ದ. ಅವನೂ ರೆಲ್ಯಾನೂ ಅದೇ ಕೋಣೆಯವರು. ಹುಡುಗ ಚೀಲ ಕಟ್ಟಿಟ್ಟು, ಮಂಚದ ಮೇಲೆ ಕೈ ಕಟ್ಟಿ ಕೂತಿದ್ದ. ಎತ್ತರಕ್ಕೆ, ಪೀಚಲಾಗಿ, ಕಿವಿ ಮಾತ್ರ ದೊಡ್ಡದಾಗಿ. ಸ್ರೇತೆನ್ ಎದುರಿನ ಖಾಲಿ ಮಂಚದ ಮೇಲೆ ಧೊಪ್ಪನೆ ಕೂತ. ಅಲ್ಲಿ ಒಂದು ಜೊತೆ ಕೀಪರ್ ಗ್ಲೌಸ್ ಬಿದ್ದಿತ್ತು.

"ಇದು ಯಾರದ್ದು?"

"ಅವನದ್ದು."

"ಬಕೆಟ್ಟಿನ ವಿಷಯ ಹೇಳು."

ನನ್ನ ಗ್ಲೌಸ್ ತೊಳೆದೆ, ನೀರನ್ನು ಬಚ್ಚಲಿಗೆ ಚೆಲ್ಲಿದೆ, ದಿನಾ ಸಂಜೆ ಮಾಡುವುದೇ ಇದು ಎಂದ ಹುಡುಗ. ಜಗಳ? ಅದು ಬ್ರೆಡ್ಡಿನ ತುದಿ ಯಾರಿಗೆ ಅಂತ ಶುರುವಾದದ್ದು, ಐದು ನಿಮಿಷಕ್ಕೆ ಮುಗಿಯಿತು ಎಂದ. ಅಷ್ಟರವರೆಗೆ ಅವನು ಸ್ರೇತೆನ್‌ನ ಕಣ್ಣನ್ನೇ ನೋಡಿ ಮಾತಾಡಿದ.

"ಎಲ್ಲರೂ ಎಂಟೂಕಾಲಿಗೆ ಮೈದಾನಕ್ಕೆ ಬಸ್ಸು ಹತ್ತಿದ್ರು. ನೀನು ಮಾತ್ರ ಇಲ್ಲೇ ಇದ್ದೆ. ಯಾಕೆ?"

"ಶೂ ದಾರ ಹರಿದಿತ್ತು. ಬೇರೆ ಹಾಕ್ತಿದ್ದೆ."

"ಎಲ್ಲಿ ಕೂತು?"

"ಅಲ್ಲಿ. ಕಿಟಕಿ ಹತ್ತಿರ."

ಸ್ರೇತೆನ್ ಎದ್ದು ಕಿಟಕಿಯಿಂದ ಬಗ್ಗಿ ನೋಡಿದ. ನೇರ ಕೆಳಗೆ ಅಂಗಳ, ಮೂರು ಮೆಟ್ಟಿಲು, ಹಾರೆಗೆ ಒರಗಿ ಸಿಗರೇಟು ಸೇದುತ್ತಿದ್ದ ತಿಹೊಮಿರ್.

"ಏನು ನೋಡಿದೆ?"

"ಏನೂ ಇಲ್ಲ."

ಈ ಉತ್ತರವನ್ನು ಮಾತ್ರ ಅವನು ನೆಲ ನೋಡಿ ಹೇಳಿದ.

"ಲೋ, ಮೂವತ್ತೊಂದು ವರ್ಷ ನನ್ನ ಎದುರು ಕೂತು ಸುಳ್ಳು ಹೇಳಿದವರು ನಿನಗಿಂತ ಚೆನ್ನಾಗಿ ಹೇಳ್ತಿದ್ರು. ಒಂದೂವರೆ ಗಂಟೆ ಬಿಟ್ಟರೆ ನಿನ್ನ ಜೀವಮಾನದ ಆಟ ಮುಗಿಯತ್ತೆ. ಗೊತ್ತಾ?"

"ಗೊತ್ತು ಮಾವ."

"ಗೊತ್ತಿದ್ದೂ?"

ಹುಡುಗ ಚೀಲದ ಜಿಪ್ಪನ್ನು ಎಳೆದ, ಮತ್ತೆ ಮುಚ್ಚಿದ. ಸ್ರೇತೆನ್‌ಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ತಪ್ಪು ಮಾಡಿ ಬಾಯಿ ಮುಚ್ಚಿಕೊಂಡವರನ್ನು ಅವನು ಬೇಕಾದಷ್ಟು ನೋಡಿದ್ದ. ಮಾಡದೆ ಮುಚ್ಚಿಕೊಂಡವರು ಕಡಿಮೆ. ಅವರಿಂದಲೇ ಅವನಿಗೆ ಹೆಚ್ಚು ಆಯಾಸ.

ಬಾಗಿಲು ದಾಟುವಾಗ ತಿರುಗಿ ಇನ್ನೊಂದು ಪ್ರಶ್ನೆ ಕೇಳಿದ. "ಬೇರೆಯವರೆಲ್ಲ ಮುಂಬಾಗಿಲಿಂದ ಹೋಗ್ತಾರೆ. ರೆಲ್ಯಾ ಯಾಕೆ ಅಡುಗೆಮನೆ ಕಡೆಯಿಂದ?"

"ಪಂದ್ಯದ ದಿನ ಅವನು ಚಿಕ್ಕಮ್ಮನ ಕೈಯಲ್ಲಿ ಎರಡು ಮೊಟ್ಟೆ ತಿಂದು ಅಲ್ಲಿಂದಲೇ ಹೋಗೋದು. ಮೊದಲಿಂದಲೂ ಹಾಗೇ." ಹುಡುಗ ಮತ್ತೆ ಸೇರಿಸಿದ, "ಅದು ಆಡೋ ಕೀಪರ್‌ಗೆ ಮಾತ್ರ."

ಅಡುಗೆಮನೆಯಲ್ಲಿ ಹುರುಳಿಕಾಯಿ ಸಾರಿನ ಆವಿ ತುಂಬಿತ್ತು. ದೆಸಾಂಕಾ ಆಲೂಗೆಡ್ಡೆ ಸುಲಿಯುತ್ತಿದ್ದಳು. ಅರವತ್ತೆರಡರ ಹೆಂಗಸು, ಇಪ್ಪತ್ತು ವರ್ಷದಿಂದ ಈ ಹಾಸ್ಟೆಲ್ಲಿನ ಹುಡುಗರಿಗೆ ಬೇಯಿಸಿ ಹಾಕಿದವಳು. ಹುಡುಗರೆಲ್ಲ ಚಿಕ್ಕಮ್ಮ ಎನ್ನುತ್ತಿದ್ದರು. ಕಣ್ಣು ಕೆಂಪಾಗಿದ್ದವು. ಕೇಳುವ ಮೊದಲೇ ಕಾಫಿ ಇಟ್ಟಳು. ಸ್ರೇತೆನ್ ಕುಡಿದ. ಅವಳು ಸಕ್ಕರೆಯ ಬದಲು ಉಪ್ಪು ಹಾಕಿದ್ದಳು. ಅವನು ಇನ್ನೊಂದು ಗುಟುಕು ಕುಡಿದ.

ರೆಲ್ಯಾ ಎಷ್ಟು ಹೊತ್ತಿಗೆ ಹೊರಟ ಎಂದು ಕೇಳಿದ. ಎಂಟೂ ಹತ್ತಕ್ಕೆ ಮೊಟ್ಟೆ ತಿಂದು ಹೊರಟ, ಆಮೇಲೆ ತಾನು ಎಲೆಕೋಸಿನ ಪೀಪಾಯಿ ನೋಡಲು ನೆಲಮಾಳಿಗೆಗೆ ಇಳಿದೆ ಎಂದಳು. ಬಾಗಿಲ ಪಕ್ಕದ ಗೂಟದಲ್ಲಿ ಕೆಂಪು ಚುಕ್ಕೆಗಳ ಎನಾಮೆಲ್ ಜಗ್ಗು ನೇತಾಡುತ್ತಿತ್ತು. ಸ್ರೇತೆನ್ ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಕೈಯಲ್ಲಿದ್ದ ಚಾಕು ನಿಂತಿತು.

ಆಗ ಗೊಯ್ಕೊ ಒಳಗೆ ಬಂದ. ಕೈಯಲ್ಲಿ ಪತ್ರ, ಹಿಂದೆ ಚೀಲ ಹೊತ್ತ ವುಕಾನ್. ಹನ್ನೊಂದೂ ಕಾಲು.

"ಒಪ್ಪಿದನಾ?"

"ಕೂತ್ಕೊ," ಎಂದ ಸ್ರೇತೆನ್.

"ಕೂರೋಕೆ ಹೊತ್ತಿಲ್ಲ. ಇವನನ್ನ ಬಸ್ಸಿಗೆ—"

"ಕೂತ್ಕೋ ಅಂದೆ. ನನಗೆ ಎರಡು ಸಲ ಹೇಳೋ ಶಕ್ತಿ ಇಲ್ಲ."

ಗೊಯ್ಕೊ ಕೂತ. ದೆಸಾಂಕಾ ಹುಡುಗನ ಚೀಲ ನೋಡಿದಳು, ಪತ್ರ ನೋಡಿದಳು. ಅವಳ ಮುಖದ ಬಣ್ಣ ಹೋಯಿತು.

"ನೀನು ಹೇಳಿದ ಬಕೆಟ್ಟು ನಿನ್ನೆ ಸಂಜೆಯದ್ದು," ಎಂದ ಸ್ರೇತೆನ್. "ತಿಹೊಮಿರ್ ಬೂದಿ ಹಾಕಿದ್ದು ಇವತ್ತು ಆರಕ್ಕೆ. ಬೂದಿ ಮಂಜುಗಡ್ಡೆಯ ಅಡಿಗಿದೆ, ಮೇಲಿಲ್ಲ. ಅಂದ್ರೆ ನೀರು ಬಿದ್ದದ್ದು ಆರರ ನಂತರ. ಬಕೆಟ್ಟು ಅಲ್ಲಿಗೆ ಮುಗೀತು. ಇನ್ನು ಎರಡನೇದು — ಅವನು ಹೊರಗೆ ಹೋಗ್ತಾ ಬಿದ್ದ ಅಂತ ನಿನಗೆ ಯಾರು ಹೇಳಿದ್ರು?"

"ಹೇಳೋದೇನು? ಬಸ್ಸಿಗೆ ಹೊರಟವನು ಹೊರಗೆ ತಾನೆ ಹೋಗ್ತಾನೆ?"

"ಇಳೀತಾ ಜಾರಿದವನು ಹಿಂದಕ್ಕೆ ಬೀಳ್ತಾನೆ, ಬೆನ್ನು ಒಡ್ಕೋತಾನೆ. ಇವನ ತುಟಿ ಹೊಸ್ತಿಲಿಗೆ ಬಡಿದಿದೆ, ರಕ್ತ ಅಲ್ಲೇ ಇದೆ. ಅವನು ಹತ್ತುತ್ತಾ ಇದ್ದ. ಯಾಕೆ ಗೊತ್ತಾ? ಗ್ಲೌಸ್ ಮಂಚದ ಮೇಲೆ ಮರೆತಿದ್ದ. ಮೈದಾನದಲ್ಲಿ ಬಸ್ಸಿಂದ ಇಳಿದಾಗ ನೆನಪಾಗಿ ವಾಪಸ್ ಬಂದ. ಎಂಟೂ ಹತ್ತಕ್ಕೆ ಇದೇ ಮೆಟ್ಟಿಲು ಇಳಿದು ಹೋದಾಗ ಏನೂ ಆಗಿಲ್ಲ. ಮುಕ್ಕಾಲಿಗೆ ಬಂದಾಗ ಮಂಜುಗಡ್ಡೆ. ನಡುವೆ ಮೂವತ್ತೈದು ನಿಮಿಷ. ಈ ಚಳೀಲಿ ಅದು ಧಾರಾಳ."

"ಆ ಹೊತ್ತಲ್ಲಿ ಇವನೂ ಇಲ್ಲೇ ಇದ್ದ."

"ಇದ್ದ. ಆದ್ರೆ ಕೈ ಮುರೀಬೇಕು ಅಂತ ಹೊರಟವನು ಮೆಟ್ಟಿಲು ಪೂರ್ತಿ ನೆನೆಸ್ತಾನೆ. ಅಲ್ಲಿರೋದು ಒಂದು ಜಗ್ಗು ನೀರು. ಬಾಗಿಲೊಳಗೆ ನಿಂತು ಹೊರಕ್ಕೆ ಬೀಸಿ ಚೆಲ್ಲಿರೋದು, ನಾಲಗೆ ಹಾಗೆ ಅಂಗಳದ ಕಡೆಗೆ ಚಾಚಿದೆ." ಅವನು ತಣ್ಣಗಾದ ಲೋಟವನ್ನು ದೂರ ಸರಿಸಿದ. "ಹೊರಟವರ ಬೆನ್ನಿಗೆ ಹಾಗೆ ನೀರು ಯಾಕೆ ಚೆಲ್ತಾರೆ ಗೊಯ್ಕೊ? ನೀನು ಸೈನ್ಯಕ್ಕೆ ಹೊರಟ ದಿನ ನಿಮ್ಮಮ್ಮ ಚೆಲ್ಲಿದ್ದು ನಾನೇ ನೋಡಿದೀನಿ. ನಿನ್ನ ಪ್ಯಾಂಟಿಗೂ ಸಿಡಿದಿತ್ತು."

ಗೊಯ್ಕೊ ಗೂಟದಲ್ಲಿದ್ದ ಜಗ್ಗಿನ ಕಡೆ ನೋಡಿದ. ಹೋದ ಕೆಲಸ ನೀರಿನಷ್ಟು ಸಲೀಸಾಗಿ ಹರಿಯಲಿ ಎಂದು ಚೆಲ್ಲುವ ನೀರು. ಪರೀಕ್ಷೆಗೆ ಹೊರಟ ಮಕ್ಕಳ ಹಿಂದೆ, ಮದುವೆಗೆ ಹೊರಟವರ ಹಿಂದೆ, ಆ ಊರಿನ ಯಾವ ಮನೆಯಲ್ಲಿ ಚೆಲ್ಲಿರಲಿಲ್ಲ?

"ನಾನೇ ಚೆಲ್ಲಿದ್ದು," ಎಂದಳು ದೆಸಾಂಕಾ. ಆಲೂಗೆಡ್ಡೆ ಇನ್ನೂ ಕೈಯಲ್ಲಿತ್ತು. "ಲೀಗಿನ ಎಲ್ಲಾ ಆಟಕ್ಕೂ ಚೆಲ್ಲಿದೆ. ಆಗ ಸೆಪ್ಟೆಂಬರ್, ಅಕ್ಟೋಬರ್. ಒಣಗಿ ಹೋಗ್ತಿತ್ತು. ನಾಕೌಟು ಫೆಬ್ರವರಿಲಿ ಬಂತು. ಚಳಿ ನನ್ನ ತಲೆಗೇ ಹೊಳೀಲಿಲ್ಲ. ನೀರು ಚೆಲ್ಲಿಸಿಕೊಂಡು ಹೋದವನು ತಿರುಗಿ ಬರಬಾರದು ಸಾಹೇಬ್ರೆ. ಬರಲ್ಲ ಅಂದ್ಕೊಂಡೆ."

"ಬೆಳಗ್ಗೇನೇ ಯಾಕೆ ಹೇಳ್ಲಿಲ್ಲ?" ಎಂದ ಗೊಯ್ಕೊ.

"ಹೇಳೋಕೆ ಬಂದೆ. ನೀನು ಅಡುಗೆ ನೋಡ್ಕೊ ಅಂದ್ರಿ. ಈ ಮಗು ಮೇಲೆ ಹಾಕಿದೀರಿ ಅಂತ ಈಗ ಗೊತ್ತಾಗ್ತಿದೆ."

ಸ್ರೇತೆನ್ ವುಕಾನ್ ಕಡೆ ತಿರುಗಿದ. "ಕಿಟಕಿಯಿಂದ ನೋಡಿದ್ದು ಇದೇ ತಾನೆ?"

ಹುಡುಗ ತಲೆಯಾಡಿಸಿದ. "ಹೇಳಿದ್ರೆ ಚಿಕ್ಕಮ್ಮನ್ನ ಕೆಲಸ ಬಿಡಿಸಿ ಕಳಿಸ್ತಿದ್ರಿ. ನನಗಾದ್ರೆ ಊರಲ್ಲಿ ಅಪ್ಪನ ಗ್ಯಾರೇಜಿದೆ. ಟೈರು ಬಿಚ್ಕೊಂಡು ಇರ್ತಿದ್ದೆ."

ದೆಸಾಂಕಾ ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು. ಗೊಯ್ಕೊಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಇಳಿಸಲು ಜಾಗ ಸಿಗುತ್ತಿರಲಿಲ್ಲ. ಪತ್ರ ಮೇಜಿನ ಮೇಲೆ ಬಡಿದ. "ಹಾಗಾದ್ರೆ ಇದನ್ನ ಯಾರ ಹೆಸರಿಗೆ ಬರೀಲಿ? ನನ್ನ ಕೀಪರ್ ಕೈ ಮುರಿದಿದೆ ಕಣಯ್ಯಾ. ಯಾರಾದ್ರೂ ಹೊಣೆ ಹೊರಬೇಕಲ್ಲ."

"ಎರಡು ಸಲ ಕೇಳಿದ್ರೂ ಉಪ್ಪು ಕೊಡದವನ ಹೆಸರಿಗೆ ಬರಿ."

ಅಂಗಳದಲ್ಲಿ ತಿಹೊಮಿರ್ ಕೆಮ್ಮಿದ. ಅವನು ಬಾಗಿಲಿಗೆ ಕಿವಿ ಕೊಟ್ಟು ನಿಂತು ಎಷ್ಟು ಹೊತ್ತಾಗಿತ್ತೋ. ಗೊಯ್ಕೊ ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಒಲೆಯ ಬಾಯಿಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಬಾಗಿಲಾಚೆಯಿಂದ ಅವನ ದನಿ ಮಾತ್ರ ಕೇಳಿತು — ಇನ್ನೂ ಜೆರ್ಸಿ ಹಾಕದೆ ಏನು ಮಾಡ್ತಿದಾನೆ ಅವನು, ಒಂದನೇ ನಂಬರಿಂದು ಕೊಡಿ.

ಹನ್ನೆರಡಕ್ಕೆ ತಂಡದ ಬಸ್ಸು ಮತ್ತೆ ಹೊರಡಲು ಸಿದ್ಧವಾಯಿತು. ಬೆಳಗ್ಗೆ ಸುದ್ದಿ ಕೇಳಿ ಮೈದಾನದಿಂದ ವಾಪಸಾಗಿದ್ದ ಹುಡುಗರು ಮುಂಬಾಗಿಲಿಂದ ಹೋದರು. ವುಕಾನ್ ಅಡುಗೆಮನೆಗೆ ಬಂದ. ನಿಂತೇ ಎರಡು ಮೊಟ್ಟೆ ತಿಂದ. ತಿಂದಮೇಲೂ ನಿಂತಿದ್ದ. ದೆಸಾಂಕಾ ಜಗ್ಗಿನ ಕಡೆ ನೋಡಲೇ ಇಲ್ಲ, ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡಿದ್ದಳು.

"ಗ್ಲೌಸ್ ತಗೊಂಡ್ಯಾ?" ಎಂದ ಸ್ರೇತೆನ್.

"ತಗೊಂಡೆ."

"ಶೂ? ಮೊಣಕಾಲಿನ ಪಟ್ಟಿ? ಚೀಲ ತೆಗೆದು ತೋರಿಸು."

ಹುಡುಗ ತೋರಿಸಿದ. ಎಲ್ಲವೂ ಇತ್ತು.

"ಸರಿ, ನಡಿ. ತಿರುಗಿ ಬಂದೀಯ ಜೋಕೆ." ಆಮೇಲೆ ದೆಸಾಂಕಾಗೆ ಹೇಳಿದ, "ನೀವು ಏನು ನೋಡ್ತಾ ನಿಂತ್ರಿ? ಜಗ್ಗು ತಗೊಳ್ಳಿ."

ಅವಳು ಗೂಟದಿಂದ ಜಗ್ಗು ಇಳಿಸಿ ನೀರು ತುಂಬಿಕೊಂಡಳು. ತಿಹೊಮಿರ್ ಮಂಜುಗಡ್ಡೆ ಒಡೆದು ತೆಗೆದಿದ್ದ ಮೂರು ಮೆಟ್ಟಿಲನ್ನು ಹುಡುಗ ಇಳಿದು ಅಂಗಳ ದಾಟುವಾಗ ನೀರು ಅವನ ಹಿಂದೆ ಕಲ್ಲಿನ ಮೇಲೆ ಚಟಾರನೆ ಬಿತ್ತು. ಅವನ ದೊಡ್ಡ ಕಿವಿಗಳು ಕೆಂಪಾದವು. ಅವನು ತಿರುಗಿ ನೋಡಲಿಲ್ಲ. ನೋಡಬಾರದು.

ಬಸ್ಸು ಗೇಟು ದಾಟಿತು. ಸ್ರೇತೆನ್ ಒಲೆ ಪಕ್ಕದ ಉಪ್ಪಿನ ಡಬ್ಬಿಯನ್ನು ಎತ್ತಿಕೊಂಡು, ಗೋಡೆ ಹಿಡಿದು, ಬಯ್ಯುತ್ತಾ, ಒಂದೊಂದೇ ಮೊಣಕಾಲನ್ನು ಮಡಚಿ ಎರಡನೇ ಮೆಟ್ಟಿಲ ಮುಂದೆ ಕೂತ. ನೀರು ಗಟ್ಟಿಯಾಗುವ ಮೊದಲು ಡಬ್ಬಿಯನ್ನು ಪೂರ್ತಿ ಸುರಿದ.